ಹಳದಿ ಕೋಟು ಹಾಕಿದವಳು ಇಲ್ಲಿಲ್ಲ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ‘ಇಂಜಿನಿಯರು’ ಎಂದಷ್ಟೇ ಹೇಳಿ ಮಾತು ಮುಗಿಸುತ್ತೇನೆ. ಪೂರ್ತಿ ಹೇಳಲು ಹೋದರೆ ಜನ ನಗುತ್ತಾರೆ. ಘಟ್ಟದ ಕಡೆ, ಕಾಡಿನ ನಡುವೆ ಇರುವ ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ನನಗೆ ನೌಕರಿ. ಊರಿಗೆಲ್ಲ ಕರೆಂಟು ಕೊಡುವ ಆ ಸ್ಥಾವರಕ್ಕೇ ಒಂದು ದಿನ ಕರೆಂಟು ಪೂರ್ತಿ ಹೋದರೆ ಏನು ಮಾಡಬೇಕೆಂದು ಯೋಚಿಸುವುದು, ಅದಕ್ಕಾಗಿ ಜನರನ್ನು ತಯಾರು ಮಾಡುವುದು ನನ್ನ ಪಾಲಿಗೆ ಬಂದ ಕೆಲಸ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಗೆ ನಾನು ಸಂಬಳದ ಕಾವಲುಗಾರ್ತಿ.

ಅಣುಸ್ಥಾವರವನ್ನು ನಿಲ್ಲಿಸಿದರೂ ಅದರ ಹೊಟ್ಟೆಯೊಳಗಿನ ಕಾವು ತಕ್ಷಣ ಆರುವುದಿಲ್ಲ. ಮಣ್ಣಿನ ಗಡಿಗೆಯ ಸಾರು ಒಲೆಯಿಂದ ಇಳಿಸಿದ ಮೇಲೂ ಕೊತಕೊತ ಕುದಿಯುತ್ತದಲ್ಲ, ಹಾಗೆ. ಅದಕ್ಕೆ ನೀರು ಉಣಿಸುತ್ತಲೇ ಇರಬೇಕು. ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಹೊರಗಿನ ಲೈನು ಹೋದರೆ ದೊಡ್ಡ ಡೀಸೆಲ್ ಜನರೇಟರುಗಳು ಶುರುವಾಗುತ್ತವೆ. ಅವೂ ಕೈಕೊಟ್ಟರೆ ಬ್ಯಾಟರಿಗಳಿವೆ, ಆದರೆ ಅವು ದೀಪಕ್ಕೆ ಮತ್ತು ಮೀಟರುಗಳಿಗೆ ಮಾತ್ರ, ಅದೂ ಕೆಲವು ತಾಸು. ಕೊನೆಗೆ ಉಳಿಯುವುದು ಮನುಷ್ಯರು. ಟಾರ್ಚು ಹಿಡಿದು ಮೆಟ್ಟಿಲು ಹತ್ತಿ, ವಾಲ್ವನ್ನು ಕೈಯಿಂದ ತಿರುವಿ, ಬೆಂಕಿ ಆರಿಸುವ ಗಾಡಿಯ ಪೈಪನ್ನು ಹೊರಗೋಡೆಯ ಬಾಯಿಗೆ ಸಿಕ್ಕಿಸಿ ನೀರು ನುಗ್ಗಿಸುವವರು. ಅಂಥ ದಿನ ನಮ್ಮಲ್ಲಿ ಬಂದಿಲ್ಲ, ಬರಲಿಕ್ಕೂ ಇಲ್ಲ. ಆದರೂ ಅದು ನಾಳೆಯೇ ಬರುತ್ತದೆ ಎಂದು ತಿಳಿದು ನಾನು ಡ್ರಿಲ್ಲು ಮಾಡಿಸುತ್ತೇನೆ.

ಡ್ರಿಲ್ಲಿನ ದಿನ ಹುಡುಗರು ಹಾಡಹಗಲೇ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ತಡವುತ್ತ ವಾಲ್ವು ಹುಡುಕುತ್ತಾರೆ. ನಾನು ತೋಳಿಲ್ಲದ ಒಂದು ಹಳದಿ ಕೋಟು ಹಾಕಿಕೊಂಡು ಅವರ ಹಿಂದೆಯೇ ಇರುತ್ತೇನೆ. ಹಳದಿ ಕೋಟು ಹಾಕಿದವರು ಅಲ್ಲಿಲ್ಲ ಎಂದೇ ನಮ್ಮಲ್ಲಿ ನಿಯಮ. ಅವರನ್ನು ಯಾರೂ ಮಾತಾಡಿಸುವಂತಿಲ್ಲ, ಅವರೂ ತುಟಿ ಬಿಚ್ಚುವಂತಿಲ್ಲ. ಒಬ್ಬ ಬೆವರು ಸುರಿಸುತ್ತ ವಾಲ್ವನ್ನು ತಪ್ಪು ದಿಕ್ಕಿಗೆ ತಿರುವುತ್ತಿದ್ದರೂ ನಾನು ಗೋಡೆಗೆ ಒರಗಿ ನೋಡಬೇಕು. ಹೇಳಿಕೊಟ್ಟೆನೋ, ಡ್ರಿಲ್ಲು ಕೆಟ್ಟಿತು, ಕೆಡಿಸಿದವಳು ನಾನು. ನನ್ನಂಥ ಬಾಯಿಬಡಕಿಗೆ ಇದು ಎಂಥ ಶಿಕ್ಷೆ ಎಂದು ಬೇರೆ ಹೇಳಬೇಕಿಲ್ಲ. ಬರಬರುತ್ತ ಅದೇ ರೂಢಿಯಾಯಿತು. ಕ್ಯಾಂಟೀನಿನಲ್ಲಿ ನಾನು ತಟ್ಟೆ ಹಿಡಿದು ಬಂದರೆ ಮೇಜಿನ ಮಾತು ತಣ್ಣಗಾಗುತ್ತದೆ. ಕೋಟು ಆಫೀಸಿನ ಮೊಳೆಗೆ ನೇತುಬಿದ್ದಿರುತ್ತದೆ, ನಾನು ಮಾತ್ರ ಇಲ್ಲದವಳಾಗಿಯೇ ಉಂಡು ಏಳುತ್ತೇನೆ. ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ.

ನನ್ನವರು ಅಂತ ಇರುವುದು ಅಕ್ಕ ಒಬ್ಬಳು. ನಾವಿಬ್ಬರೂ ಬೆಳೆದದ್ದು ಸಂಡೂರಿನ ಹತ್ತಿರ ಯಶವಂತನಗರದಲ್ಲಿ. ಅಪ್ಪ ಗಣಿಯ ಸ್ಟಾಫ್ ಬಸ್ ಓಡಿಸುತ್ತಿದ್ದ. ಸಿಟ್ಟು ಬಂದರೆ ನಾನು ಮಂಚದ ಕೆಳಗೆ ಸೇರಿಕೊಂಡು ಯಾರಾದರೂ ಹುಡುಕಲಿ ಎಂದು ಕಾಯುತ್ತಿದ್ದೆ. ಅಕ್ಕ ಹುಡುಕುತ್ತಿರಲಿಲ್ಲ. ‘ಹಸಿವಾದ್ರ ತಾನೇ ಬರ್ತಾಳ’ ಎಂದು ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬರುತ್ತಿದ್ದೆ.

ಭಾವ ದೋಣಿಮಲೈಯ ಗಣಿ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಕಂಪನಿಯ ಕ್ವಾರ್ಟರ್ಸು ಬಿಟ್ಟು ಕಂಪ್ಲಿಗೆ ಬಂದಳು. ಕಾಲುವೆಯ ಹತ್ತಿರ, ಒಂದು ಭತ್ತದ ಗೋದಾಮಿನ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಮಕ್ಕಳಿಲ್ಲ. ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಊರ ಹೆಂಗಸರು ಸೀರೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. ಸಂಜೆಯಾದರೆ ಕೆಳಗೆ ಭತ್ತದ ಚೀಲಗಳು, ಮೇಲೆ ಅವಳು. ಈಚೆಗೆ ಅವಳ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಒಂದು ಯಂತ್ರ ಮಂಚದ ಪಕ್ಕ ಗುರುಗುಟ್ಟುತ್ತಿರುತ್ತದೆ, ಅದರ ಸಣ್ಣ ನಳಿಗೆ ಹಗಲೂ ರಾತ್ರಿ ಅವಳ ಮೂಗಿನಲ್ಲಿರುತ್ತದೆ. ಯಂತ್ರಕ್ಕೆ ಕರೆಂಟು ಬೇಕು.

ಕಳೆದ ಬೇಸಿಗೆಯಲ್ಲಿ ಅವಳ ಓಣಿಯ ಟಿ.ಸಿ. ಸುಟ್ಟಿತು. ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಹಾಗೇ ಅನ್ನುವುದು. ಹೊಸದು ತಂದು ಕೂರಿಸುವಷ್ಟರಲ್ಲಿ ಮನೆಯ ಇನ್ವರ್ಟರೂ ಆರಿಹೋಗಿ, ಅಕ್ಕ ಮೆಟ್ಟಿಲ ಮೇಲೆ ಕುಳಿತು, ತುಟಿ ನೀಲಿಯಾಗುವವರೆಗೂ ಏದುಸಿರು ಬಿಟ್ಟಿದ್ದಾಳೆ. ನನಗೆ ಫೋನು ಬಂದದ್ದು ಕರೆಂಟು ಬಂದ ಮೇಲೆ.

‘ಆಗಲೇ ಯಾಕ ಹೇಳಲಿಲ್ಲ?’ ಎಂದು ನಾನು ಕೂಗಾಡಿದೆ.

‘ಹೇಳಿದ್ರ ನೀ ಏನ್ ಮಾಡ್ತಿದ್ದಿ? ಅಲ್ಲಿಂದ ಊದ್ತಿದ್ದೇನು?’ ಎಂದಳು ಅಕ್ಕ.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಒಂದಿಡೀ ಸ್ಥಾವರವನ್ನು ಕತ್ತಲೆಗೆ ತಯಾರು ಮಾಡುವವಳ ಒಡಹುಟ್ಟಿದವಳು ಮೆಟ್ಟಿಲ ಮೇಲೆ ಉಸಿರಿಗಾಗಿ ಬಾಯಿ ಬಿಡುತ್ತಿದ್ದಳು. ರಜೆ ಹಾಕಿ ಹೊರಟೆ.

ಹೊಸಪೇಟೆಯ ಡಾಕ್ಟರು ಮನೆಯಲ್ಲಿ ಒಂದು ಆಮ್ಲಜನಕದ ಸಿಲಿಂಡರು ಇರಲಿ ಎಂದರು. ಅದನ್ನು ಗೂಡ್ಸ್ ಆಟೋದಲ್ಲಿ ಹಗ್ಗ ಕಟ್ಟಿ ಮಲಗಿಸಿ, ಡ್ರೈವರಿನ ಪಕ್ಕ ಕುಳಿತು ಕಂಪ್ಲಿಗೆ ಬಂದೆ. ಕಮಲಾಪುರ ದಾಟುವಾಗ ಹಂಪಿ ನೋಡಲು ಬಂದವರು ಟೋಪಿ ಹಾಕಿಕೊಂಡು ಬಾಡಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಎಲ್ಲರೂ ಜೋಡಿ ಜೋಡಿ. ನಾನು ಪ್ರತಿ ಹಂಪಿಗೂ ಹಿಂದೆ ತಿರುಗಿ ಸಿಲಿಂಡರು ನೋಡುತ್ತಿದ್ದೆ.

ಹಂಪಿಗೆ ಎಂದರೆ ರಸ್ತೆಯ ಉಬ್ಬಿಗೆ. ನಮ್ಮ ರಸ್ತೆಗಳಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಮನೆಗೆ ತಂದು ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದೆ. ಆಮ್ಲಜನಕದ ಹತ್ತಿರ ಬೆಂಕಿ ಸುಳಿಯಬಾರದು, ಹಾಗಾಗಿ ದೇವರ ದೀಪವನ್ನು ಆ ಕೋಣೆಯಿಂದ ದೂರದ ಅಡಿಗೆಮನೆಗೆ ಸಾಗಿಸಿದೆ, ಜೊತೆಗೆ ದೇವರನ್ನೂ. ಅಕ್ಕ ಒಂದು ಹೊತ್ತು ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ, ‘ಶಿವನ್ನೂ ಟ್ರಾನ್ಸ್‌ಫರ್ ಮಾಡಿದಿ, ನೀ ಭಾಳ ದೊಡ್ಡ ಆಫೀಸರ್ ಆದಿ ಬಿಡು’ ಎಂದಳು. ಮಾಡಬೇಕಾದದ್ದನ್ನೆಲ್ಲ ತೋರಿಸಿಕೊಟ್ಟೆ. ಯಂತ್ರ ಕುಂಯ್ ಎಂದು ಕೂಗಿದರೆ ಗಾಬರಿಯಾಗಬಾರದು. ನಳಿಗೆಯನ್ನು ಯಂತ್ರದಿಂದ ಕಿತ್ತು ಸಿಲಿಂಡರಿಗೆ ಸಿಕ್ಕಿಸಬೇಕು. ಸಿಲಿಂಡರಿನ ಕೊರಳಿನ ಕೀಲಿ ತಿರುವಬೇಕು. ಗಾಜಿನ ಕೊಳವೆಯೊಳಗಿನ ಗುಂಡು ಡಾಕ್ಟರು ಹೇಳಿದ ಗೆರೆಗೆ ಏರಿತೇ ನೋಡಿ, ಕುಳಿತು, ನನಗಲ್ಲ, ಸಿಲಿಂಡರು ಕೊಡುವವನಿಗೆ ಫೋನು ಮಾಡಬೇಕು. ಎಲ್ಲಕ್ಕೂ ‘ಹೂಂ’ ಎಂದಳು.

ಮರುದಿನ ಹೇಳದೆ ಕೇಳದೆ ಮೇನ್ ಸ್ವಿಚ್ಚು ತೆಗೆದೆ, ಇನ್ವರ್ಟರನ್ನೂ ಆರಿಸಿದೆ. ಯಂತ್ರ ಕೂಗಿತು. ಅಕ್ಕ ಮಂಚದ ಮೇಲೆ ಕುಚ್ಚು ಕಟ್ಟುತ್ತ ಕುಳಿತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ರಕ್ತದ ಆಮ್ಲಜನಕ ಅಳೆಯಲು ಅವಳ ಬೆರಳಿಗೆ ಸಿಕ್ಕಿಸಿದ ಸಣ್ಣ ಮೀಟರಿನ ಅಂಕಿ ಇಳಿಯತೊಡಗಿತು.

‘ತಿರುವು ಮತ್ತ’ ಎಂದಳು.

‘ನಾನ್ಯಾಕ ತಿರುವ್ಲಿ? ನೀ ತಿರುವಬೇಕು.’

‘ನೀ ಇದ್ದೀಯಲ್ಲ.’

‘ನಾ ಇರಂಗಿಲ್ಲ ಅಕ್ಕ. ಈ ವಾರ ಮುಗದ್ರ ಹೋಗ್ತೀನಿ.’

‘ಗೊತ್ತೈತಿ’ ಎಂದಳು. ಅಷ್ಟಕ್ಕೇ ಉಸಿರು ಸಾಲಲಿಲ್ಲ. ನಾನೇ ಓಡಿ ಕೀಲಿ ತಿರುವಿದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಕೆಡಿಸಿದ ಡ್ರಿಲ್ಲು ಅದೊಂದೇ.

ಸಿಟ್ಟಿನಲ್ಲಿ ಒಂದು ಮಾತು ಹೇಳಿಬಿಟ್ಟೆ. ನಾನು ಹೋಗುವುದರೊಳಗೆ ಒಬ್ಬಳೇ ಇದನ್ನು ಮಾಡಿ ತೋರಿಸದಿದ್ದರೆ ಕಂಪ್ಲಿಯ ಮನೆಗೆ ಬೀಗ ಹಾಕಿ ನನ್ನ ಜೊತೆ ಬರಬೇಕು ಎಂದೆ. ಅಕ್ಕನಿಗೆ ಅದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಒಮ್ಮೆ ಮಳೆಗಾಲದಲ್ಲಿ ನನ್ನ ಕ್ವಾರ್ಟರ್ಸಿಗೆ ಬಂದಿದ್ದಳು. ಅಲ್ಲಿಯ ಥಂಡಿಗೆ ಕೆಮ್ಮು ಹೆಚ್ಚಾಯಿತು, ಒಣಹಾಕಿದ ಸೀರೆ ಒಣಗಲಿಲ್ಲ, ಕಿಟಕಿಯಿಂದ ಮಾತಾಡಿಸಲು ಒಂದು ನರಪಿಳ್ಳೆಯೂ ಸಿಗಲಿಲ್ಲ. ‘ನೀ ಹ್ಯಾಂಗ ಇರ್ತೀಲೇ ಇಲ್ಲಿ?’ ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ ಬ್ಯಾಗು ಕಟ್ಟಿದ್ದಳು. ಇಲ್ಲಾದರೆ ಅವಳಿಗೆ ಕೈತುಂಬ ರೇಷ್ಮೆ ದಾರ, ಬಂದು ಹೋಗುವ ಹೆಂಗಸರು, ಅವರ ಮನೆ ಸುದ್ದಿ. ಉಸಿರು ಇಲ್ಲಿ ಕಡಿಮೆ, ಬದುಕು ಜಾಸ್ತಿ.

ಅವಳು ಸೋಲಲಿ ಎಂದು ನನ್ನ ಅರ್ಧ ಮನಸ್ಸು ಬಯಸುತ್ತಿತ್ತು. ಸೋತರೆ ಬರುತ್ತಾಳೆ, ಸಂಜೆ ಬಾಗಿಲು ತೆರೆದರೆ ಒಳಗೊಬ್ಬರು ಇರುತ್ತಾರೆ, ‘ಇಷ್ಟೊತ್ತನಕ ಎಲ್ಲಿದ್ದಿ’ ಎಂದು ಬೈಯುತ್ತಾರೆ. ಇನ್ನರ್ಧ ಮನಸ್ಸಿಗೆ ಅವಳು ಅಲ್ಲಿ ಎಷ್ಟು ದಿನ ಬಾಳುತ್ತಾಳೆಂದು ಚೆನ್ನಾಗಿ ಗೊತ್ತಿತ್ತು.

ಒಗೆಯಲೆಂದು ತಂದಿದ್ದ ಹಳದಿ ಕೋಟು ಬ್ಯಾಗಿನಲ್ಲಿಯೇ ಇತ್ತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅದನ್ನು ನೈಟಿಯ ಮೇಲೆ ಹಾಕಿಕೊಂಡು ಬಂದು ಅಕ್ಕನ ಎದುರು ನಿಂತೆ. ಅವಳು ನಕ್ಕು ನಕ್ಕು ಕೆಮ್ಮಿದಳು. ನಿಯಮ ಹೇಳಿದೆ.

‘ಇದು ನನ್ನ ಮೈಮ್ಯಾಲೆ ಇರೋತನಕ ನಾ ಇಲ್ಲಿಲ್ಲ. ಮಾತಾಡ್ಸಬ್ಯಾಡ. ನೋಡಬ್ಯಾಡ.’

‘ಅಲ್ಲೂ ಹಿಂಗ ಮಾಡ್ತಾರೇನು ನಿನಗ?’

‘ಹೂಂ.’

‘ಎಲ್ಲಾರೂ?’

‘ಎಲ್ಲಾರೂ.’

ಅವಳ ನಗು ನಿಂತಿತು. ‘ಆತು, ತಗಿ ಸ್ವಿಚ್ಚು’ ಎಂದಳು.

ತೆಗೆದೆ. ಇನ್ವರ್ಟರನ್ನೂ ಆರಿಸಿದೆ. ಫ್ಯಾನು ನಿಂತಿತು, ಯಂತ್ರ ಕೂಗಿತು. ಅಕ್ಕ ಕೈಯಲ್ಲಿದ್ದ ಕುಚ್ಚಿನ ಗಂಟು ಬಿಗಿದು, ಸೀರೆ ಮಡಚಿ ಬದಿಗಿಟ್ಟು ಎದ್ದಳು. ನಾನು ದಾರಿಗೆ ಅಡ್ಡ ನಿಂತಿದ್ದೆ. ಕುರ್ಚಿಯನ್ನು ಸುತ್ತಿ ಹೋಗುವಂತೆ ನನ್ನನ್ನು ಸುತ್ತಿ ಹೋದಳು. ನಳಿಗೆ ಕಿತ್ತಳು. ಸಿಲಿಂಡರಿಗೆ ಸಿಕ್ಕಿಸುವಾಗ ಅದು ಜಾರಿತು, ಇನ್ನೊಮ್ಮೆ ಜಾರಿತು. ಅವಳ ಹೆಗಲು ಏರಿಳಿಯುತ್ತಿತ್ತು. ನನ್ನ ಕೈ ಮುಂದೆ ಹೋಗುತ್ತಿತ್ತು, ಎರಡೂ ಕೈಯನ್ನು ಕೋಟಿನ ಕಿಸೆಗೆ ತುರುಕಿಕೊಂಡೆ. ಮೀಟರಿನ ಅಂಕಿ ನನ್ನ ಮನಸ್ಸಿನಲ್ಲಿದ್ದ ಗಡಿಗೆ ಹತ್ತಿರ ಬರುತ್ತಿತ್ತು. ಇನ್ನೂ ಇಳಿದರೆ ನಿಯಮ ಹಾಳಾಗಲಿ, ಸ್ವಿಚ್ಚು ಹಾಕುವುದೆಂದು ನಿಶ್ಚಯಿಸಿದ್ದೆ. ಅಕ್ಕ ಕಣ್ಣು ಮುಚ್ಚಿದಳು. ಸೂಜಿಗೆ ದಾರ ಪೋಣಿಸುವ ಬೆರಳುಗಳಲ್ಲವೇ, ಕಣ್ಣು ಮುಚ್ಚಿಯೇ ನಳಿಗೆಯನ್ನು ಸೇರಿಸಿದಳು. ಕೀಲಿ ತಿರುವಿದಳು. ಬುಸ್ ಎಂದಿತು. ಗುಂಡು ಗೆರೆಗೆ ಏರಿತು. ಸಿಲಿಂಡರಿನವನಿಗೆ ಫೋನು ಹಚ್ಚಿ, ‘ಕರೆಂಟ್ ಹೋಗೇತ್ರಿ, ಹಂಗೇನಿಲ್ಲ, ಫೋನ್ ಹತ್ತತೈತೋ ಇಲ್ಲೋ ನೋಡಿದ್ನಿ’ ಎಂದಳು. ಅಂಕಿ ನಿಧಾನಕ್ಕೆ ಮೇಲೆ ಬಂತು.

ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಇನ್ನು ನಾನು ‘ಡ್ರಿಲ್ಲು ಮುಗಿಯಿತು’ ಎಂದು ಹೇಳಬೇಕು. ಹಾಗೆ ಹೇಳುವವರೆಗೆ ಅದು ಮುಗಿಯುವುದಿಲ್ಲ. ಹೇಳುವ ಬದಲು ಅಕ್ಕನನ್ನೇ ನೋಡುತ್ತ ನಿಂತೆ. ಅಕ್ಕ ಮಂಚದ ಮೇಲೆ ಕುಳಿತು, ಬೆಳಿಗ್ಗೆ ಮಾಡಿ ಥರ್ಮಾಸಿನಲ್ಲಿ ತುಂಬಿಟ್ಟಿದ್ದ ಚಹಾವನ್ನು ಒಂದೇ ಕಪ್ಪಿಗೆ ಬಗ್ಗಿಸಿಕೊಂಡಳು. ಕಿಟಕಿಯ ಕಡೆ ಮುಖ ಮಾಡಿ, ಒಬ್ಬಳೇ ಇರುವವಳು ಕುಡಿಯುವ ಹಾಗೆ ಸಾವಕಾಶ ಕುಡಿದಳು. ನಾನು ಹೋದ ಮೇಲೆ ಈ ಮನೆ ಹೀಗಿರುತ್ತದೆ ಎಂದು ಗೊತ್ತಾಯಿತು. ಚೆನ್ನಾಗಿಯೇ ಇರುತ್ತದೆ. ನಾನು ಬೇಡವಾಗಿದ್ದೆ. ನನ್ನ ಕೆಲಸದಲ್ಲಿ ಗೆಲುವೆಂದರೆ ಅದೇ, ಆದರೆ ಸ್ಥಾವರದಲ್ಲಿ ಅದು ಹೀಗೆ ಎದೆಗೆ ಬಂದು ತಾಗಿದ್ದಿಲ್ಲ.

ಸ್ವಿಚ್ಚು ಹಾಕಿದೆ. ಕೋಟು ಬಿಚ್ಚಿ, ಏನು ಮಾಡಬೇಕೋ ತಿಳಿಯದೆ, ಅದನ್ನು ಹಿಡಿದುಕೊಂಡೇ ನಿಂತೆ.

ಅಕ್ಕ ತಿರುಗಿ ನನ್ನನ್ನು ನೋಡಿದಳು. ಮಂಚದ ಮೇಲೆ ಸರಿದು ಜಾಗ ಮಾಡಿದಳು. ಇನ್ನೊಂದು ಕಪ್ಪು ಎತ್ತಿಕೊಂಡಳು.

‘ಯಾವಾಗ ಬಂದಿ? ಕುಂದ್ರು’ ಎಂದಳು.

ನಾನು ಬಂದು ವಾರವಾಗುತ್ತ ಬಂದಿತ್ತು. ಬೆಳಿಗ್ಗೆ ಹೊಸಪೇಟೆಯ ಬಸ್ಸು ಹಿಡಿಯಬೇಕಿತ್ತು.

‘ಈಗ ಬಂದೆ ಅಕ್ಕ’ ಎಂದು ಹೇಳಿ, ಕುಳಿತು, ಅತ್ತುಬಿಟ್ಟೆ.