ಕರಿಹಲಗೆಯ ಮೇಲೊಂದು ಫೆಬ್ರವರಿ

ಒದ್ದೆ ಬಟ್ಟೆಯಲ್ಲಿ ಒರೆಸಿದ ಕರಿಹಲಗೆಯ ವಾಸನೆ ಮೊನ್ನೆ ಮೂಗಿಗೆ ಬಡಿಯಿತು. ನಾನು ಪಾಠ ಮಾಡುವ ಕೆ.ಆರ್. ಪೇಟೆಯ ಶಾಲೆಯಲ್ಲಿ ಹಳೆಯ ಹಲಗೆ ಉಳಿದಿರುವುದು ಒಂದೇ ಕೋಣೆಯಲ್ಲಿ. ಆ ವಾಸನೆಯ ಹಿಂದೆಯೇ ಪಾಂಡವಪುರದ ಹತ್ತಿರದ ನಮ್ಮೂರಿನ ಲೈಬ್ರರಿ, ಅದನ್ನು ನೋಡಿಕೊಳ್ಳುತ್ತಿದ್ದ ಸಾಹೇಬರು ಕಣ್ಣ ಮುಂದೆ ಬಂದರು...

ಅವರು ದಿನಾ ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬೀಗ ತೆಗೆದು, ಕಸ ಗುಡಿಸಿ, ಬಾಗಿಲ ಪಕ್ಕದ ಹಲಗೆಯ ಮೇಲೆ 'ಈ ದಿನ' ಎಂದು ಬರೆದು, ಅದೇ ತಾರೀಖಿನಂದು ಹಿಂದೆಂದೋ ಲೋಕದಲ್ಲಿ ನಡೆದ ಸಂಗತಿಯೊಂದನ್ನು ಕೆಳಗೆ ಬರೆಯುತ್ತಿದ್ದರು. ಅಮೆರಿಕದ್ದೇ ಹೆಚ್ಚು. ಫೆಬ್ರವರಿ ಮೊದಲ ವಾರವಂತೂ ಅವರಿಗೆ ಹಬ್ಬ. ಬಿಲದಿಂದ ಬಂದ ಪ್ರಾಣಿ ತನ್ನ ನೆರಳು ಕಂಡರೆ ಚಳಿ ಇನ್ನೂ ಆರು ವಾರ ಎಂದು ನಂಬುವ ಊರು, ಚಂದ್ರನ ಮೇಲೆ ನಿಂತು ಚೆಂಡು ಹೊಡೆದ ಮನುಷ್ಯ, ಇಂಗ್ಲೆಂಡಿನಿಂದ ಬಂದಿಳಿದ ನಾಲ್ವರು ಹಾಡುಗಾರರನ್ನು ಕಂಡು ಕಿರುಚಿದ ಜನ... ಬೀದಿಯಲ್ಲಿ ಕಬ್ಬಿನ ಟ್ರಾಕ್ಟರು ಹೋಗುತ್ತಿರುವಾಗ ನಾವು ಹುಡುಗಿಯರು ನಿಂತು ಅದನ್ನೆಲ್ಲ ಓದುತ್ತಿದ್ದೆವು.

ಒಳಗಿನ ಉದ್ದ ಮೇಜು ಗಂಡಸರದು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಆದರೂ ಹೆಣ್ಣುಮಕ್ಕಳು ಪುಸ್ತಕ ಇಸಿದುಕೊಂಡು ಹಾಗೇ ಹೊರಟುಬಿಡಬೇಕು. ನಾನಾಗ ಪಿಯುಸಿ ಎರಡನೇ ವರ್ಷ. ಮನೆಯಲ್ಲಿ ಓದಲು ಕೂತರೆ ಎಮ್ಮೆಗೆ ಹುಲ್ಲು ಹಾಕು, ಡೈರಿಗೆ ಹಾಲು ಕೊಟ್ಟು ಬಾ ಎಂದು ಎಬ್ಬಿಸುತ್ತಿದ್ದರು. ಫೇಲಾದರೆ ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ಪರೀಕ್ಷೆ ಹತ್ತಿರವಾದಂತೆ ನನಗೆ ಊಟ ಸೇರುತ್ತಿರಲಿಲ್ಲ.

ಆ ವರ್ಷ ಫೆಬ್ರವರಿ ಒಂದರಂದು ಸಾಹೇಬರು ಬರೆದದ್ದು ಇದು: ಬಿಳಿಯರಿಗೆ ಮಾತ್ರ ಕೂರಲು ಬಿಡುತ್ತಿದ್ದ ಅಮೆರಿಕದ ಒಂದು ಅಂಗಡಿಯಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಹೋಗಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಬಾಗಿಲು ಹಾಕುವವರೆಗೂ ಅವರು ಏಳಲಿಲ್ಲ.

"ಆಮೇಲೇನಾಯ್ತು ಸಾಹೇಬ್ರೆ?" ಅಂದೆ.

"ನಾಳೆ ಬರೀತೀನಮ್ಮ."

ಮರುದಿನ ಬರೆದಿದ್ದರು: ಎರಡನೆಯ ದಿನ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದು ಕೂತರು.

ಅವತ್ತು ನಾನೂ ಗೆಳತಿ ಸವಿತಾಳೂ ಒಳಗೆ ಹೋಗಿ ಮೇಜಿನ ತುದಿಯಲ್ಲಿ ಕೂತುಬಿಟ್ಟೆವು. ಮುಖಗಳ ಮುಂದಿನ ಪೇಪರುಗಳು ಒಂದೊಂದಾಗಿ ಕೆಳಗಿಳಿದವು. ಊರಿನ ನ್ಯಾಯ ಹೇಳುವ ಹಿರಿಯ ಗೌಡರು ಕನ್ನಡಕ ತೆಗೆದರು.

"ಏನವ್ವಾ, ಇಂಗೆ ಬಂದು ಕುಂತ್ಬುಟ್ರಿ? ಗಂಡಸ್ರು ಇರೋದು ಕಾಣಾಕಿಲ್ವಾ?"

ನಾವು ತಲೆ ಎತ್ತಲಿಲ್ಲ. ಅವರು ಸಾಹೇಬರ ಕಡೆ ತಿರುಗಿದರು. "ಸಾಬ್ರೆ, ಎಬ್ಬಿಸ್ರೀ ಇವ್ರನ್ನ. ಇಲ್ದಿದ್ರೆ ನಿಮ್ಮನ್ನೇ ಎಬ್ಬಿಸ್ಬೇಕಾಯ್ತದೆ."

ಸಾಹೇಬರದು ಕಾಯಂ ನೌಕರಿಯಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಅವರು ಎದ್ದು ನಮ್ಮ ಹತ್ತಿರ ಬಂದರು. ಹೋಗಿ ಅನ್ನುತ್ತಾರೆಂದು ನಾನು ಅರ್ಧ ಎದ್ದಿದ್ದೆ. ಅವರು ನಮ್ಮ ತಲೆಯ ಮೇಲಿನ ಕಿಟಕಿ ತೆರೆದರು.

"ಬೆಳಕು ಸಾಲ್ದು. ಓದ್ಕೊಳ್ರಮ್ಮ." ಆಮೇಲೆ ಹಿಂದಕ್ಕೆ ತಿರುಗಿ, "ಗೌಡ್ರೆ, ಅವ್ರೂ ಓದಾಕೇ ಬಂದವ್ರೆ. ನಾನು ಎಬ್ಬಿಸಾಕಿಲ್ಲ," ಎಂದರು. ದನಿ ಸಣ್ಣದೇ. ಆದರೆ ಎಲ್ಲರಿಗೂ ಕೇಳಿಸಿತು.

ಗೌಡರು ಸಿಟ್ಟಿನಿಂದ ಎದ್ದುಹೋದರು. ಇವತ್ತು ದೂರು ಹೋಗುತ್ತದೆ, ನಾಳೆ ಸಾಹೇಬರ ಕೆಲಸ ಹೋಗುತ್ತದೆ ಎಂದು ನಾವು ಹೆದರುತ್ತಲೇ ಕೂತು ಓದಿದೆವು. ವಾರದೊಳಗೆ ಏಳು ಹುಡುಗಿಯರಾದೆವು. ದೂರು ಹೋಗಲಿಲ್ಲ. ಗೌಡರೇ ವಾಪಸು ಬಂದರು. ಪೇಪರಿಲ್ಲದೆ ಅವರಿಗೆ ಎಷ್ಟು ದಿನ ಕಳೆದೀತು? ಸ್ವಲ್ಪ ಹೊತ್ತಾದ ಮೇಲೆ ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. "ತಗಳವ್ವ, ನಿಮ್ ಪರೀಕ್ಸೆ ಟೈಂಟೇಬಲ್ ಬಂದೈತೆ."

ಫಲಿತಾಂಶ ಬಂದ ಮರುದಿನ ಹಲಗೆ ನೋಡಿ ಅಲ್ಲೇ ನಿಂತುಬಿಟ್ಟೆ. ಮೊದಲ ಬಾರಿಗೆ ಅಲ್ಲಿ ನಮ್ಮೂರಿನ ಸುದ್ದಿಯಿತ್ತು. 'ಈ ದಿನ: ನಮ್ಮ ಆರು ಹೆಣ್ಣುಮಕ್ಕಳು ಪಾಸಾದರು. ಒಬ್ಬಳು ಮತ್ತೆ ಕೂರುತ್ತಾಳೆ.' ಆ ಒಬ್ಬಳು ಸವಿತಾ. ಅಳುತ್ತಾ ಬಂದವಳು ಅದನ್ನು ಓದಿ ನಕ್ಕಳು. ಮುಂದಿನ ಸಲ ಪಾಸೂ ಆದಳು.

ಆಮೇಲೆ ಕಾಲೇಜು, ಕೆಲಸ, ಸಂಸಾರ... ಒಮ್ಮೆ ಹೋಗಿ ಸಾಹೇಬರನ್ನು ನೋಡಬೇಕು ಅಂದುಕೊಳ್ಳುವುದರಲ್ಲೇ ವರ್ಷಗಳು ಕಳೆದವು. ಕೊನೆಗೆ, ಆ ಹಲಗೆಯ ವಾಸನೆ ಬಡಿದ ಮೇಲೆ ಬಂದ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ, ವಿಚಾರಿಸಿಕೊಂಡು ಅವರ ಮನೆ ಬಾಗಿಲು ತಟ್ಟಿದೆ. ಬಾಗಿಲು ತೆಗೆದದ್ದು ಅವರ ಮಗಳು. ಸಾಹೇಬರಿದ್ದಾರಾ ಎಂದು ಕೇಳಿದೆ.

"ಅಬ್ಬಾ ಹೋಗಿ ಎರಡು ವರ್ಷ ಆಯ್ತಕ್ಕ," ಅಂದರು.

ಅವರು ಕೂರಿಸಿ ಟೀ ಕೊಟ್ಟರು. ಯಾರು, ಏನು ಎಂದು ಕೇಳಿದಾಗ ಆ ದಿನದ ಸಂಗತಿಯನ್ನು ಹೇಳಿದೆ. ಮನೆಯಲ್ಲಿ ಸಾಹೇಬರು ಅದನ್ನು ಯಾವತ್ತೂ ಬಾಯಿಬಿಟ್ಟಿರಲಿಲ್ಲವಂತೆ.

"ನಮ್ ಅಬ್ಬಾನಾ? ಗೌಡ್ರಿಗೆ ಅಂಗಂದ್ರಾ?"

ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಅವರು ಒಳಗೆ ಓದುತ್ತಿದ್ದ ತಮ್ಮ ಮಗಳನ್ನು ಕೂಗಿದರು. "ಬಾರೇ ಇಲ್ಲಿ, ನಿಮ್ ತಾತನ ವಿಷ್ಯ ಕೇಳು ಬಾ."

ಹುಡುಗಿ ಬಂದು ನನ್ನೆದುರು ಚಾಪೆಯ ಮೇಲೆ ಕೂತಳು. ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ.