ಹೆಸರಿಗಾಗಿ ಕಾದಿರುವ ನರಸಮ್ಮ

ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿ ಹೂವಿನ ಗಾಡಿಗಳು ಇನ್ನೂ ಬಂದಿಲ್ಲ. ಅಷ್ಟರಲ್ಲಾಗಲೇ ನರಸಮ್ಮ ಲ್ಯಾಬಿನ ದೀಪ ಹಾಕಿ, ಮೇಣದ ಅಚ್ಚುಗಳನ್ನು ಐಸಿನ ಮೇಲೆ ಜೋಡಿಸುತ್ತಿದ್ದಾರೆ. ಒಂದೊಂದು ಅಚ್ಚಿನೊಳಗೂ ರೋಗ ಪರೀಕ್ಷೆಗೆಂದು ತೆಗೆದ ಯಾರದೋ ದೇಹದ ಚೂರು. ಕೊಯ್ಯುವ ಯಂತ್ರದ ಹಿಡಿ ತಿರುಗಿಸಿದಂತೆ ಅದು ಈರುಳ್ಳಿ ಪೊರೆಗಿಂತ ತೆಳ್ಳಗೆ ಸುರುಳಿ ಬಿಡುತ್ತದೆ. ಉಸಿರು ಬಿಗಿಹಿಡಿದು ಅದನ್ನು ಬೆಚ್ಚನೆ ನೀರಿನಲ್ಲಿ ತೇಲಿಸಿ, ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ. ಡಾಕ್ಟರು ಬರುವ ಹೊತ್ತಿಗೆ ಮೂವತ್ತು ನಲವತ್ತು ಗಾಜು ಬಣ್ಣ ಹಚ್ಚಿಸಿಕೊಂಡು ಸಾಲಾಗಿ ಕುಳಿತಿರುತ್ತವೆ. ರಿಪೋರ್ಟಿನ ಕೆಳಗೆ ಡಾಕ್ಟರ ಸಹಿ ಇರುತ್ತದೆ. ನರಸಮ್ಮನ ಸುದ್ದಿ ಯಾರಿಗೂ ಬೇಕಿಲ್ಲ, ಅವರಿಗೂ ಅದರ ಚಿಂತೆಯಿಲ್ಲ.

ಗಾಜು ತೊಳೆಯುವ ಕೆಲಸಕ್ಕೆ ಸೇರಿದವರು, ನೋಡಿ ನೋಡಿ ಕಲಿತರು. ಈಗ ಅವರಿಗೆ ಐವತ್ತಾರು ವರ್ಷ. ಗಂಡ ಸೊಣ್ಣಪ್ಪ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕಲಾಸಿಪಾಳ್ಯದ ತುಂಬು ಬಸ್ಸಿನಲ್ಲೂ ಕೊನೆಯ ಸೀಟಿಗೆ ಕೇಳುವ ಗಂಟಲು. ಐವತ್ತು ದಾಟುವ ಮೊದಲೇ ಕಾಲು ಎಳೆಯತೊಡಗಿತು, ಟಿಕೆಟ್ ಕೊಟ್ಟವರಿಗೇ ಮತ್ತೆ ಕೊಡತೊಡಗಿದರು. ಅವರ ತಾಯಿಗೂ ಹೀಗೇ ಲಕ್ವ ಹೊಡೆದಿತ್ತು, ಸೋದರಮಾವನಿಗೂ. ದೊಡ್ಡಾಸ್ಪತ್ರೆಯಲ್ಲಿ ತೋರಿಸಿದಾಗ, ಇದು ವಂಶದಲ್ಲೇ ಬರುವ, ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆ ಎಂದರು. ತಡೆಯುವ ಔಷಧ ಇನ್ನೂ ಇಲ್ಲವೆಂದೂ ಹೇಳಿದರು.

ಆ ಕಾಯಿಲೆ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕು ಎಂದು ನರಸಮ್ಮ ಲ್ಯಾಬಿನ ಡಾಕ್ಟರ್ ಶಿವರಂಜಿನಿಯವರನ್ನು ಕೇಳಿಕೊಂಡರು. ಅವರು ಅದೇ ಕಾಯಿಲೆಯ, ಪಾಠಕ್ಕೆಂದು ಇಟ್ಟಿದ್ದ ಹಳೆಯ ಗಾಜೊಂದನ್ನು ಮೈಕ್ರೋಸ್ಕೋಪಿನಡಿ ಇಟ್ಟು ತೋರಿಸಿದರು. ನಾಳದ ಗೋಡೆಯ ಸ್ನಾಯು ಸವೆದುಹೋಗಿದೆ. ಗೋಡೆ ದಪ್ಪವಾಗಿ, ಗಡುಸಾಗಿ, ರಕ್ತದ ದಾರಿ ಕಿರಿದಾಗಿದೆ. ನೆತ್ತರು ತಲುಪದ ಕಡೆ ಮಿದುಳು ಚೂರುಚೂರಾಗಿ ಸಾಯುತ್ತದೆ.

“ತೆಳು ಬಳೆ ಇರ್ಬೇಕಾದ್ ಕಡೆ ದಪ್ಪ ಬಳೆ ಇಟ್ಟಂಗಿತ್ತು. ಅದ್ರೊಳಗೆ ಕೈ ತೂರುತ್ತಾ, ನೀವೇ ಹೇಳಿ,” ಎನ್ನುತ್ತಾರೆ ನರಸಮ್ಮ. ಅಂದು ಮನೆಗೆ ಹೋಗಿ ಗಂಡನ ತಲೆ ಸವರುತ್ತ ಕೂತಿದ್ದರಂತೆ.

ಅವರನ್ನು ಕೊರೆಯುವ ಸಂಗತಿ ಇನ್ನೊಂದಿದೆ. ಅವರ ಮನೆಯಲ್ಲಿ ಗಂಡನಾದವನು ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಹಿರಿಯರ ಎದುರು ಹಾಗೆ ಕರೆದರೆ ನಾಚಿಕೆಗೇಡು. ಸೊಣ್ಣಪ್ಪನವರಿಗೆ ಹೆಂಡತಿ ಎಂದೂ ‘ಇವ್ಳೇ’. ಹಿರಿಯರು ಹೋದಮೇಲೂ ಅದೇ ರೂಢಿ. ಕಾಯಿಲೆ ಬಂದಮೇಲೂ ಅವರು ‘ಇವ್ಳೇ’ ಎಂದಾಗಲೆಲ್ಲ, ಸದ್ಯ ನಾನಾದರೂ ನೆನಪಿದ್ದೇನಲ್ಲ ಎಂದು ನರಸಮ್ಮ ಹಿಗ್ಗುತ್ತಿದ್ದರು. ಹೋದ ವರ್ಷ ವ್ಯಾಯಾಮ ಮಾಡಿಸಲು ಬಂದ ಹುಡುಗಿಗೂ ಸೊಣ್ಣಪ್ಪ ‘ಇವ್ಳೇ, ನೀರು ಕೊಡು’ ಎಂದರು. ನರಸಮ್ಮ ಅಡುಗೆಮನೆಯಲ್ಲಿ ಚೊಂಬು ಹಿಡಿದು ನಿಂತುಬಿಟ್ಟರು. ಅಂದಿನಿಂದ ಆ ಮಾತು ತನಗೋ, ಎದುರಿಗಿರುವ ಯಾರಿಗಾದರೂ ಸರಿಯೋ, ಅವರಿಗೆ ತಿಳಿಯುತ್ತಿಲ್ಲ.

ಸೊಣ್ಣಪ್ಪ ಹೆಂಡತಿಯ ಹೆಸರು ಹೇಳಿದ್ದು ಒಮ್ಮೆ ಮಾತ್ರ. ಮದುವೆಯಾಗಿ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗ ನಾದಿನಿಯರು ಬಾಗಿಲು ತಡೆದು ಹೆಸರು ಹೇಳಿಸುವ ಶಾಸ್ತ್ರವಿದೆಯಲ್ಲ, ಆಗ. ಈಗ ಸಂಜೆ ಗಂಡನನ್ನು ವಾಕಿಂಗ್ ಕರೆದೊಯ್ಯುವ ಮುನ್ನ ನರಸಮ್ಮನೇ ಹೊಸಿಲಿಗೆ ಅಡ್ಡ ನಿಲ್ಲುತ್ತಾರೆ. ಹೆಸರು ಹೇಳಿದರೆ ಬಿಡುತ್ತೇನೆ ಎನ್ನುತ್ತಾರೆ. ನಾನು ಅವರ ಮನೆಗೆ ಹೋದ ದಿನ ಸೊಣ್ಣಪ್ಪ ಬಹಳ ಹೊತ್ತು ಅವರ ಮುಖ ನೋಡಿದರು.

“ಇಳಿಯೋರಿಗೆ ದಾರಿ ಬಿಡಮ್ಮ,” ಎಂದರು.

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ನರಸಮ್ಮ ಪಕ್ಕಕ್ಕೆ ಸರಿದು ಗಂಡನ ಕೈ ಹಿಡಿದುಕೊಂಡರು.

“ಒಂದ್ಸಲ ಹೆಸರು ಹಿಡಿದು ಕರೀಲಿ ಸಾರ್, ಅಷ್ಟೇ. ಬೇರೆ ಯಾರ ಹೆಸರು ಬಾಯಿಗೆ ಬಂದ್ರೂ ಸರಿ, ನಾನು ಓ ಅಂತೀನಿ.”