ಹನ್ನೊಂದು ಸಲ ಒರೆಸಿದ ಸಂಜೆ

ಹೆಬ್ಬಾಳದ ಕೆರೆಯ ಮೇಲೆ ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾನೆ. ಇತ್ತ ಕದಿರಪ್ಪ ಆಗಲೇ ಅವನನ್ನು ಮುಳುಗಿಸುತ್ತಿದ್ದಾರೆ. ಪೂರ್ವದ ಕಿಟಕಿಯ ಕೆಳಗೆ ಹಲಗೆ, ಅದರ ಮೇಲೆ ಕಪ್ಪು-ಬಿಳುಪು ಫೋಟೊ, ಕೈಯಲ್ಲಿ ಬಿದಿರುಕಡ್ಡಿಗೆ ಸುತ್ತಿದ ಹತ್ತಿ. ಹತ್ತಿಯ ತುದಿಯಲ್ಲಿ ಚೂರೇ ಚೂರು ಕೆಂಪು. ಬೂದು ಆಕಾಶಕ್ಕೆ ನಿಧಾನವಾಗಿ ಸಂಜೆ ಹತ್ತುತ್ತದೆ.

ಹೆಸರಲ್ಲೇ ಬೆಳಕಿನ ಕದಿರು ಇಟ್ಟುಕೊಂಡವರಿಗೆ ದೀಪ ಕಂಡರಾಗದು. ಕೆಲಸ ನೋಡಲು ಬಂದ ನಾನು ಯಾಕೆ ಎಂದು ಕೇಳುತ್ತೇನೆ. “ಲಾಟೀನ್ ಬೆಳಕಲ್ಲಿ ಹಳದಿ ಸುಳ್ಳು ಹೇಳ್ತದೆ ಸ್ವಾಮಿ. ಬೆಳಗ್ಗೆ ಒಂಬತ್ತರವರ್ಗೂ ನಿಜ ಹೇಳ್ತದೆ.” ಅಷ್ಟರಲ್ಲಿ ಮೂರು ಫೋಟೊ ಮುಗಿದರೆ ದೊಡ್ಡದು. ಆಮೇಲೆ ಒಲೆ ಹಚ್ಚಿ ಒಬ್ಬರಿಗಾಗುವಷ್ಟು ಮುದ್ದೆ ಕಟ್ಟುತ್ತಾರೆ. ಗಿರಾಕಿ ಬರದಿದ್ದರೆ ಮರುದಿನದವರೆಗೆ ಮಾತಿಗೂ ರಜ.

ಮೊದಲು ಎತ್ತಿನಗಾಡಿಗೆ ಬಣ್ಣ ಬಳಿಯುತ್ತಿದ್ದ ಕೈ ಇದು. ಈಗ ಯಶವಂತಪುರದ ಸ್ಟುಡಿಯೋದ ವಹಾಬ್ ಸಾಹೇಬರು ಫೋಟೊಗೆ ಬಣ್ಣ ಬೇಕೆನ್ನುವ ಗಿರಾಕಿಗಳನ್ನು ಇಲ್ಲಿಗೇ ಕಳಿಸುತ್ತಾರೆ. ಯಾವ ಬಣ್ಣ ಎಂದು ಕದಿರಪ್ಪ ಕೇಳುವುದಿಲ್ಲ. “ಆವತ್ತಿನ ಆಕಾಶ ನಿಮ್ಮನೇಲಿ ಯಾವ ಪದಾರ್ಥದಂಗಿತ್ತು?” ಎನ್ನುತ್ತಾರೆ. ಯಲಹಂಕದ ಸತ್ಯವತಿ ಕಣ್ಣು ಮುಚ್ಚಿ, “ನಮ್ಮತ್ತೆ ಮಾಡೋ ಟೊಮೇಟೊ ಗೊಜ್ಜು ಎಣ್ಣೆ ಬಿಟ್ಕೊಂಡಿರತ್ತಲ್ಲ, ಆ ಅಂಚು ಕಣ್ರೀ” ಎಂದರಂತೆ. ಗೊಜ್ಜು ಆಕಾಶಕ್ಕೇರಿತು. ಒಗ್ಗರಣೆಯೊಂದೇ ಬೀಳಲಿಲ್ಲ.

ಒಮ್ಮೆ ಮಾತ್ರ ಕೇಳದೆ ಹಚ್ಚಿದರು. ನಿವೃತ್ತ ಪೋಸ್ಟ್‌ಮಾಸ್ಟರ್ ವೆಂಕಟರಾಮಯ್ಯನವರ ಕೆರೆಯ ಫೋಟೊ. ಕಪ್ಪು-ಬಿಳುಪಿನಲ್ಲಿ ಹುಟ್ಟುವ ಸೂರ್ಯನೂ ಮುಳುಗುವ ಸೂರ್ಯನೂ ಒಂದೇ. ನೋಡಲು ಬಂದ ಅಯ್ಯನವರು ಆಕಾಶಕ್ಕಿಂತ ಕೆಂಪಾದರು. ಅದನ್ನು ಹೇಳುವಾಗ ಕದಿರಪ್ಪ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅವರದೇ ಗೊಗ್ಗರು ದನಿ ತೆಗೆಯುತ್ತಾರೆ: “ಅದು ಬೆಳಗ್ಗೆ ಕಣಯ್ಯಾ! ಮಗಳನ್ನ ಗಂಡನ ಮನೆಗೆ ಕಳಿಸಿದ ಬೆಳಗ್ಗೆ! ಸಂಜೆ ಮಾಡ್ಬಿಟ್ಯಲ್ಲೋ!” ಟರ್ಪೆಂಟೈನ್‌ನಲ್ಲಿ ಸಂಜೆ ಒರೆಸಿ ಬೆಳಗು ಮಾಡಿಕೊಟ್ಟದ್ದಾಯಿತು. ಕೇಳಿದ ನನಗೆ ನಗು. ಅವರಿಗಿಲ್ಲ. “ಬೈಸ್ಕೊಂಡ್ರೇ ಬಣ್ಣ ಕೂತ್ಕಳ್ಳೋದು ಸ್ವಾಮಿ.”

ಕಿಟಕಿಗೆ ಆನಿಸಿದ ಒಂದು ಫೋಟೊ ಮಾತ್ರ ಯಾವ ಗಿರಾಕಿಯದೂ ಅಲ್ಲ. ಇದೇ ಕೆರೆಯ ಏರಿ, ಮುಳುಗುವ ಸೂರ್ಯ, ಹುಲ್ಲುಹೊರೆ ಹೊತ್ತ ಹೆಂಡತಿ ಪಟಾಲಮ್ಮ. ಐವತ್ತೊಂದನೇ ಇಸವಿಯಲ್ಲಿ ವಹಾಬ್ ತೆಗೆದದ್ದು. ಆಕೆ ತೀರಿಹೋಗಿ ಆರು ವರ್ಷ. ಅಲ್ಲಿಂದೀಚೆಗೆ ಈ ಆಕಾಶಕ್ಕೆ ಹನ್ನೊಂದು ಸಲ ಬಣ್ಣ ಹಚ್ಚಿ, ಹನ್ನೊಂದು ಸಲವೂ ಒರೆಸಿದ್ದಾರೆ.

“ಈಗ ನೆಪ್ಪಾಗೋದು ಆವತ್ತಿನ ಆಕಾಶವೋ, ಓದ್ಸಲ ನಾನೇ ಬಳಿದಿದ್ದೋ, ಗೊತ್ತಾಗಾಕಿಲ್ಲ.”

ವಹಾಬ್ ಸಾಹೇಬರನ್ನು ಕೇಳಬಹುದಲ್ಲ?

“ಅವ್ರು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸ್ಕೊಂಡಿದ್ರು. ಆಕಾಶ ನೋಡ್ದೋರು ನಾವಿಬ್ರೇ.”

ಹನ್ನೆರಡನೆಯ ಸಲದ ಬಣ್ಣ ಇನ್ನೂ ಹಸಿಯಾಗಿದೆ. ಚೆನ್ನಾಗಿದೆ ಎನ್ನುತ್ತೇನೆ. ನಿಜಕ್ಕೂ ಚೆನ್ನಾಗಿದೆ. ಕದಿರಪ್ಪ ಹೊಸ ಹತ್ತಿ ಸುತ್ತಿ ಟರ್ಪೆಂಟೈನ್‌ಗೆ ಅದ್ದುತ್ತಾರೆ.

“ಚೆನ್ನಾಗದೆ ಅನ್ನೋರು ಬೇಕಾದಷ್ಟ್ ಜನ ಅವ್ರೆ ಸ್ವಾಮಿ. ‘ಥೂ, ಇಂಗಿರ್ಲಿಲ್ಲ’ ಅನ್ನೋಳು ಒಬ್ಬಳೇ ಇದ್ಲು.”